ಮಲೆನಾಡಿನ ತೇವದಲ್ಲಿ ಏರ್‌ಬ್ರಶ್: ಕೈಗೆಟುಕುವ ಬೆಲೆಗೆ ಪೆನ್ನು, ಕಂಪ್ರೆಸರ್ ಆರಿಸುವ ಸಮಗ್ರ ಮಾರ್ಗದರ್ಶಿ

ಗಾಳಿಯ ಒತ್ತಡದಲ್ಲಿ ಬಣ್ಣ ಚಿಮ್ಮಿಸುವ ಏರ್‌ಬ್ರಶ್ ಕೊಳ್ಳಬೇಕು ಅಂದ ತಕ್ಷಣ ಎಲ್ಲರ ಕಣ್ಣೂ ಹೋಗುವುದು ಕೈಯಲ್ಲಿ ಹಿಡಿಯುವ ಆ ಹೊಳೆಯುವ ಪೆನ್ನಿನ ಕಡೆಗೆ. ಯಾವ ಬ್ರ್ಯಾಂಡ್, ಬಣ್ಣದ ಹರಿವು ಹಿಡಿಯುವ ಸೂಜಿ ಎಷ್ಟು ಮಿಲಿಮೀಟರ್, ಜಪಾನಿನದೋ ಚೀನಾದ್ದೋ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಪೆನ್ನಿಗೆ ಗಾಳಿ ಒತ್ತಿ ಕೊಡುವ ಕಂಪ್ರೆಸರ್ ಮಾತ್ರ ಕೊನೆಗೆ ಉಳಿದ ದುಡ್ಡಿನಲ್ಲಿ ಬರುತ್ತದೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಕೂತು ಸ್ಕೇಲ್ ಮಾಡೆಲ್‌ಗೆ (ನಿಜವಾದ ಗಾಡಿ, ವಿಮಾನಗಳ ಪುಟ್ಟ ಪ್ರತಿಕೃತಿಗೆ) ಬಣ್ಣ ಹೊಡೆಯುವವರು ಇದನ್ನು ಉಲ್ಟಾ ಮಾಡಬೇಕು ಅನ್ನುವುದು ನನ್ನ ವಾದ. ಮೊದಲ ದುಡ್ಡು ಗಾಳಿಗೆ. ಪೆನ್ನು ಅಗ್ಗದ್ದಾದರೂ ನಡೆಯುತ್ತದೆ.

ಕಾರಣ ಎಲ್ಲರಿಗೂ ಗೊತ್ತಿರುವುದೇ. ಪುನರ್ವಸು, ಪುಷ್ಯ ಮಳೆ ಹಿಡಿದರೆ ಬೆಂಕಿಕಡ್ಡಿ ಗೀರಿದರೂ ಹತ್ತುವುದಿಲ್ಲ, ಚರ್ಮದ ಚಪ್ಪಲಿಗೆ ಬೂಷ್ಟು ಬರುತ್ತದೆ. ಕಂಪ್ರೆಸರ್ ಎಳೆದುಕೊಳ್ಳುವುದೂ ಅದೇ ಗಾಳಿಯನ್ನು. ಅದರಲ್ಲಿರುವ ನೀರು ಎಲ್ಲಿಗೆ ಹೋಗಬೇಕು? ನೀವು ದಾರಿ ಮಾಡಿಕೊಡದಿದ್ದರೆ ಪೈಪಿನೊಳಗಿಂದ ಬಂದು ಮಾಡೆಲ್ ಮೇಲೆ ಹನಿಯಾಗಿ ಬೀಳುತ್ತದೆ.

ಮೊದಲ ಹೆಜ್ಜೆ: ಏನು ಹೊಡೆಯುತ್ತೀರಿ, ಯಾವ ಬಣ್ಣದಲ್ಲಿ

ಇದನ್ನು ತೀರ್ಮಾನ ಮಾಡದೆ ಅಂಗಡಿಗೆ ಹೋಗಬೇಡಿ. ಎಸ್ಟೇಟ್ ದಾರಿಯಲ್ಲಿ ಜೀಪು ನೋಡುತ್ತಾ ಬೆಳೆದ ನಮ್ಮ ಕಡೆಯವರು ಮೊದಲು ಕೈ ಹಾಕುವುದು ಜಪಾನಿನ ಟಾಮಿಯಾ ಕಂಪನಿಯ 1/35 (ನಿಜದ 35ನೇ ಒಂದು ಪಾಲು ಅಳತೆಯ) ವಿಲ್ಲೀಸ್ ಜೀಪಿಗೆ ಅಂದರೆ ಆಶ್ಚರ್ಯವಿಲ್ಲ. ನಿಜವಾದ ಜೀಪು ಸುಮಾರು 3.3 ಮೀಟರ್ ಉದ್ದ. ಹಾಗಾಗಿ ಮಾಡೆಲ್ ಒಂಬತ್ತೂವರೆ ಸೆಂಟಿಮೀಟರ್ ಬರುತ್ತದೆ. ಇಡೀ ಗಾಡಿಗೆ ಒಂದೇ ಹಸಿರು, ಮೇಲೆ ಒಂದಿಷ್ಟು ಕೆಂಪು ಮಣ್ಣಿನ ಧೂಳು. ಇದಕ್ಕೆ ಎಂಥ ಏರ್‌ಬ್ರಶ್ ಆದರೂ ಸಾಕು. 1/72 ಯುದ್ಧವಿಮಾನದ ಮೇಲೆ ಕೈಯಲ್ಲೇ ಚುಕ್ಕಿ ಚುಕ್ಕಿ ಕಾಮೊಫ್ಲಾಜ್ ಹೊಡೆಯಬೇಕು ಅಂದರೆ ಸಣ್ಣ ಗೆರೆ ಎಳೆಯುವ ಪೆನ್ನು ಬೇಕಾಗುತ್ತದೆ. 1/24 ಕಾರಿನ ಮೈಗೆ ಮಿರಿಮಿರಿ ಹೊಳಪು ಬೇಕು ಅಂದರೆ ದಪ್ಪ ಸೂಜಿ, ಧಾರಾಳ ಗಾಳಿ.

ಬಣ್ಣದ ವಿಷಯಕ್ಕೆ ಬಂದರೆ, ಶುರು ಮಾಡುವವರು ಅಕ್ರಿಲಿಕ್ ಹಿಡಿಯುವುದು ಒಳ್ಳೆಯದು. ಲ್ಯಾಕರ್ ಚೆನ್ನಾಗಿ ಕೂರುತ್ತದೆ, ಬೇಗ ಒಣಗುತ್ತದೆ, ಆದರೆ ವಾಸನೆ ಮತ್ತು ಆವಿ ಎರಡೂ ಜಾಸ್ತಿ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದನ್ನು ಹೊಡೆಯುವುದು ಸುಮ್ನೆ ಅಪಾಯ ಮೈಮೇಲೆ ಎಳೆದುಕೊಂಡ ಹಾಗೆ.

ಎರಡನೇ ಹೆಜ್ಜೆ: ಕಂಪ್ರೆಸರ್

ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಕಂಪ್ರೆಸರ್‌ಗಳು ಹಲವು ಬಗೆ. ಪೆನ್ನಿಗೇ ಅಂಟಿಕೊಂಡಿರುವ, ಚಾರ್ಜ್ ಮಾಡುವ ಪುಟ್ಟ ಯಂತ್ರ ಒಂದು. ನೋಡಲು ಚೆಂದ, ವೈರ್ ಇಲ್ಲ, ಬೆಲೆಯೂ ಕಮ್ಮಿ. ಆದರೆ ಇಂಥವುಗಳಲ್ಲಿ ಹೆಚ್ಚಿನವಕ್ಕೆ ಒತ್ತಡ ಕಮ್ಮಿ ಜಾಸ್ತಿ ಮಾಡುವ ರೆಗ್ಯುಲೇಟರ್ ಇರುವುದಿಲ್ಲ, ನೀರು ಹಿಡಿಯುವ ಟ್ರ್ಯಾಪ್ ಇರುವುದಿಲ್ಲ. ಗಾಳಿ ಒಂದೇ ಸಮ ಬರದೆ ತುಸು ತುಸು ನಡುಗುತ್ತಾ ಬರುತ್ತದೆ. ಪ್ರೈಮರ್‌ಗೆ (ಬಣ್ಣಕ್ಕೆ ಮೊದಲು ಹೊಡೆಯುವ ತಳಪದರಕ್ಕೆ) ಸರಿ. ಅದನ್ನೇ ಮುಖ್ಯ ಯಂತ್ರ ಮಾಡಿಕೊಳ್ಳುವುದಾದರೆ ನಾನು ಬೇಡ ಅನ್ನುತ್ತೇನೆ. ಕೇಕ್ ಅಲಂಕಾರಕ್ಕೆ, ಮೇಕಪ್‌ಗೆ ಅಂತ ಮಾರುವ ಅಂಗೈಯಗಲದ ಕಂಪ್ರೆಸರ್‌ಗಳ ಕಥೆಯೂ ಹೆಚ್ಚುಕಮ್ಮಿ ಇದೇ.

ಕಾರಿನ ಟೈರಿಗೆ ಗಾಳಿ ತುಂಬುವ 12 ವೋಲ್ಟ್ ಪಂಪನ್ನೇ ಬಳಸಬಹುದಲ್ವಾ ಅಂತ ಕೇಳುವವರಿದ್ದಾರೆ. ಬೇಡ. ಅದು ಕೆಲವು ನಿಮಿಷ ಓಡಿ ನಿಲ್ಲಲು ಮಾಡಿದ ಯಂತ್ರ. ಅರ್ಧ ಗಂಟೆ ಓಡಿಸಿದರೆ ಕಾದು ಸುಟ್ಟುಹೋಗುತ್ತದೆ.

ಗ್ಯಾರೇಜಿನಲ್ಲಿ ಇಡುವಂಥ 24 ಲೀಟರ್ ಟ್ಯಾಂಕಿನ ದೊಡ್ಡ ಕಂಪ್ರೆಸರ್ ಮನೆಯಲ್ಲಿ ಮೊದಲೇ ಇದ್ದರೆ, ಅದಕ್ಕೊಂದು ಒಳ್ಳೆ ರೆಗ್ಯುಲೇಟರ್, ಟ್ರ್ಯಾಪ್ ಕೂರಿಸಿ ಧಾರಾಳವಾಗಿ ಬಳಸಿ. ಗಾಳಿಯ ಮಟ್ಟಿಗೆ ಅದು ಎಲ್ಲಕ್ಕಿಂತ ಉತ್ತಮ, ಯಾಕೆಂದರೆ ಒಮ್ಮೆ ತುಂಬಿಸಿ ಆಫ್ ಮಾಡಿದರೆ ತುಂಬಾ ಹೊತ್ತು ಬರುತ್ತದೆ. ತೊಂದರೆ ಅಂದರೆ ಸದ್ದು. ರಾತ್ರಿ ಊಟ ಆದ ಮೇಲೆ ಬಣ್ಣ ಹೊಡೆಯುವವರು ಅಕ್ಕಪಕ್ಕದವರ ಜೊತೆ ಜಗಳಕ್ಕೆ ತಯಾರಿರಬೇಕು.

ಉಳಿದದ್ದು ಹವ್ಯಾಸಿಗಳಿಗಾಗಿಯೇ ಮಾಡಿದ, ಎಣ್ಣೆ ಬೇಡದ ಪಿಸ್ಟನ್ ಕಂಪ್ರೆಸರ್. ಎಎಸ್-186 ಅನ್ನುವ ಚೀನೀ ಮಾದರಿ ಹತ್ತಾರು ಹೆಸರುಗಳಲ್ಲಿ, ಹತ್ತಾರು ಬಣ್ಣಗಳಲ್ಲಿ ಸಿಗುತ್ತದೆ. ಒಳಗಿನ ಯಂತ್ರ ಹೆಚ್ಚುಕಮ್ಮಿ ಒಂದೇ: 1/6 ಅಶ್ವಶಕ್ತಿಯ ಮೋಟಾರ್, 3 ಲೀಟರ್ ಟ್ಯಾಂಕ್, ನಿಮಿಷಕ್ಕೆ 20 ಲೀಟರ್ ಆಸುಪಾಸು ಗಾಳಿ. ಟ್ಯಾಂಕಿನ ಒತ್ತಡ 4 ಬಾರ್ (ಒತ್ತಡದ ಅಳತೆ) ಮುಟ್ಟಿದಾಗ ತಾನೇ ನಿಲ್ಲುತ್ತದೆ, 3 ಬಾರ್‌ಗೆ ಇಳಿದಾಗ ತಾನೇ ಶುರುವಾಗುತ್ತದೆ. ಎಎಸ್-18 ಅನ್ನುವುದು ಇದರದೇ ಟ್ಯಾಂಕ್ ಇಲ್ಲದ ತಮ್ಮ. ಬೆಲೆಯಲ್ಲಿ ಸ್ವಲ್ಪ ಉಳಿಯುತ್ತದೆ, ಆದರೆ ಆ ಉಳಿತಾಯ ನಮ್ಮ ಊರಿಗೆ ಒಗ್ಗುವುದಿಲ್ಲ.

ಯಾಕೆ ಅಂತ ಒಂದು ಲೆಕ್ಕ ಹಾಕೋಣ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಿನ ಆವಿ ಹಿಡಿದುಕೊಳ್ಳಬಲ್ಲದು. ತೇವಾಂಶ ಶೇ. 90 ಇದ್ದರೆ ಅದರಲ್ಲಿ ಸುಮಾರು 20 ಗ್ರಾಂ ಇರುತ್ತದೆ. ನಿಮಿಷಕ್ಕೆ 20 ಲೀಟರಿನಂತೆ 50 ನಿಮಿಷ ಓಡಿದರೆ ಕಂಪ್ರೆಸರ್ ಒಂದು ಘನ ಮೀಟರ್ ಗಾಳಿ ಎಳೆದುಕೊಳ್ಳುತ್ತದೆ. ಆ ಗಾಳಿಯನ್ನು 4 ಬಾರ್‌ಗೆ ಒತ್ತಿದಾಗ (ಹೊರಗಿನ ಗಾಳಿಯ ಒಂದು ಬಾರ್ ಸೇರಿ ಒಟ್ಟು ಐದು) ಅದು ಐದನೇ ಒಂದು ಭಾಗದಷ್ಟು ಜಾಗಕ್ಕೆ ಕುಗ್ಗುತ್ತದೆ. ಅಷ್ಟು ಜಾಗದ ಗಾಳಿ ತಣ್ಣಗಾದ ಮೇಲೆ ಹಿಡಿದುಕೊಳ್ಳುವುದು ಐದು ಗ್ರಾಂಗಿಂತ ಕಮ್ಮಿ. ಉಳಿದ ಹದಿನೈದು ಗ್ರಾಂ ನೀರಾಗಿ ಇಳಿಯಲೇಬೇಕು. ಮೂರು ಟೀ ಚಮಚ ನೀರು! ಕಾಗದದ ಮೇಲಿನ ಲೆಕ್ಕ ಅನ್ನಬಹುದು, ಯಂತ್ರ ಯಾವಾಗಲೂ ಪೂರ್ತಿ ಗಾಳಿ ಕೊಡುವುದಿಲ್ಲ. ಆದರೂ ಆಷಾಢದಲ್ಲಿ ಟ್ಯಾಂಕಿನ ತಳದ ಸ್ಕ್ರೂ ಬಿಚ್ಚಿ ನೋಡಿ, ತುಕ್ಕಿನ ಬಣ್ಣದ ನೀರು ಪುಸ್ ಅಂತ ಹಾರುತ್ತದೆ.

ಟ್ಯಾಂಕ್ ಇದ್ದರೆ ಬಿಸಿ ಗಾಳಿ ಅಲ್ಲಿ ಸ್ವಲ್ಪ ಹೊತ್ತು ನಿಂತು ತಣ್ಣಗಾಗುತ್ತದೆ, ನೀರಿನ ದೊಡ್ಡ ಪಾಲು ಅಲ್ಲೇ ಇಳಿಯುತ್ತದೆ. ಟ್ಯಾಂಕ್ ಇಲ್ಲದಿದ್ದರೆ ಬಿಸಿ ಗಾಳಿ ಸೀದಾ ಪೈಪಿಗೆ ಹೋಗಿ ಅಲ್ಲಿ ತಣ್ಣಗಾಗುತ್ತದೆ. ಅಂದರೆ ಕಂಪ್ರೆಸರ್‌ಗೆ ಕಟ್ಟಿದ ಟ್ರ್ಯಾಪ್ ದಾಟಿದ ಮೇಲೆ ನೀರು ಹುಟ್ಟುತ್ತದೆ. ಟ್ರ್ಯಾಪ್ ಒಣಗಿಯೇ ಇರುತ್ತದೆ, ಬಣ್ಣದಲ್ಲಿ ಮಾತ್ರ ಹನಿ. ಇದಕ್ಕೆ ಮದ್ದು ಏರ್‌ಬ್ರಶ್ಶಿನ ಬುಡಕ್ಕೆ ತಿರುಗಿಸುವ ಪುಟ್ಟ ಎರಡನೇ ಟ್ರ್ಯಾಪ್. ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆಯವರು ಇದನ್ನು ಕಂಪ್ರೆಸರ್ ಜೊತೆಗೇ ತರಿಸಿಕೊಳ್ಳಿ. ಕಡೂರು, ಬೀರೂರಿನ ಬಯಲುಸೀಮೆಯವರಿಗೆ ಇದರ ಅವಸರ ಇಲ್ಲ.

ಟ್ಯಾಂಕಿನ ಇನ್ನೊಂದು ಉಪಯೋಗ ಕರೆಂಟ್ ಹೋದಾಗ ಗೊತ್ತಾಗುತ್ತದೆ. 4 ಬಾರ್ ತುಂಬಿದ 3 ಲೀಟರ್ ಟ್ಯಾಂಕಿನಿಂದ, ಕೆಲಸದ ಒತ್ತಡಕ್ಕೆ ಇಳಿಯುವವರೆಗೆ ಎಂಟು ಲೀಟರ್ ಚಿಲ್ಲರೆ ಗಾಳಿ ಸಿಗುತ್ತದೆ. ಸಣ್ಣ ಸೂಜಿಯಲ್ಲಿ ಒಂದು ನಿಮಿಷ, ಅಥವಾ ಅದಕ್ಕೂ ಕಮ್ಮಿ. ಬಣ್ಣ ಮುಂದುವರಿಸಲು ಅಲ್ಲ, ಪೆನ್ನಿನ ಕಪ್‌ನಲ್ಲಿರುವ (ಬಣ್ಣ ಹಾಕುವ ಬಟ್ಟಲಿನಲ್ಲಿರುವ) ಬಣ್ಣ ಚೆಲ್ಲಿ ಥಿನ್ನರ್ ಹಾಯಿಸಿ ನಾಝಲ್ (ಬಣ್ಣ ಹೊರಬರುವ ಮೂತಿ) ಒಣಗದಂತೆ ನೋಡಿಕೊಳ್ಳಲು. ಅಷ್ಟಾದರೆ ಸಾಕು. ಮನೆಯ ಇನ್ವರ್ಟರಿನಲ್ಲಿ ಓಡಿಸುವುದಾದರೆ ಅದು ಸೈನ್ ವೇವ್ ಇನ್ವರ್ಟರ್ ಆಗಿರಲಿ. ಸ್ಕ್ವೇರ್ ವೇವ್ ಮೇಲೆ ಈ ಮೋಟಾರುಗಳು ಗುಂಯ್ ಅನ್ನುತ್ತಾ ಬಿಸಿಯಾಗುತ್ತವೆ. ಶುರುವಾಗುವ ಕ್ಷಣದಲ್ಲಿ ಮೋಟಾರ್ ಹಲವು ಪಟ್ಟು ಕರೆಂಟ್ ಎಳೆಯುತ್ತದೆ ಅನ್ನುವುದೂ ನೆನಪಿರಲಿ.

ಕಂಪ್ರೆಸರ್ ಆರಿಸುವಾಗ ನೋಡಲೇಬೇಕಾದವು: ಟ್ಯಾಂಕ್, ತಾನಾಗಿ ನಿಲ್ಲುವ ಸ್ವಿಚ್, ರೆಗ್ಯುಲೇಟರ್ ಮತ್ತು ಮೀಟರ್, ಟ್ಯಾಂಕಿಗೆ ಸುರಕ್ಷತಾ ವಾಲ್ವ್, ತಳದಲ್ಲಿ ನೀರು ಬಿಡುವ ಸ್ಕ್ರೂ. 47 ಡೆಸಿಬೆಲ್ ಅಂತ ಪೆಟ್ಟಿಗೆ ಮೇಲೆ ಬರೆದಿರುವುದನ್ನು ಪೂರ್ತಿ ನಂಬಬೇಡಿ. ಸದ್ದಿನ ಒಂದಷ್ಟು ಪಾಲು ಬರುವುದು ನೆಲದ ನಡುಕದಿಂದ. ಹಳೆಯ ಟೈರ್ ಟ್ಯೂಬ್ ಕತ್ತರಿಸಿ ಕಾಲುಗಳ ಕೆಳಗೆ ಇಟ್ಟರೆ ತಗ್ಗುತ್ತದೆ. ಮನೆಯಲ್ಲಿ ಬಿದ್ದಿರುವ ಕಾಫಿ ಗೋಣಿ ಮಡಿಸಿ ಇಡೋಣ ಅನಿಸುತ್ತದೆ, ಆದರೆ ಅದರ ನಾರು ಗಾಳಿ ಎಳೆಯುವ ಫಿಲ್ಟರಿಗೆ ಹೋಗಿ ಕೂರುತ್ತದೆ.

ಮೂರನೇ ಹೆಜ್ಜೆ: ಪೆನ್ನು

ಇಲ್ಲಿ ಬೇಗ ಮುಗಿಸಬಹುದು. ಡ್ಯುಯಲ್ ಆ್ಯಕ್ಷನ್, ಮೇಲೆ ಬಣ್ಣದ ಕಪ್ ಇರುವ ಗ್ರ್ಯಾವಿಟಿ ಫೀಡ್, 0.3 ಮಿ.ಮೀ. ಸೂಜಿ. ಶುರುವಿಗೆ ಇಷ್ಟೇ ಬೇಕು.

ಡ್ಯುಯಲ್ ಆ್ಯಕ್ಷನ್ ಅಂದರೆ ಟ್ರಿಗರ್ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಎಷ್ಟು ಎಳೆದರೆ ಅಷ್ಟು. ಕೈ ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕು, ಆದರೆ ಸಿಂಗಲ್ ಆ್ಯಕ್ಷನ್ ಕೊಂಡವರು ಕೊನೆಗೆ ಇದಕ್ಕೇ ಬರುತ್ತಾರೆ. ಗ್ರ್ಯಾವಿಟಿ ಫೀಡ್‌ನಲ್ಲಿ ಬಣ್ಣ ತಾನಾಗಿ ಕೆಳಗಿಳಿಯುವುದರಿಂದ ಕಮ್ಮಿ ಒತ್ತಡದಲ್ಲೂ ಕೆಲಸ ನಡೆಯುತ್ತದೆ, ನಾಲ್ಕು ಹನಿ ಬಣ್ಣವಿದ್ದರೂ ಸಾಕು. ಕೆಳಗೆ ಬಾಟಲಿ ಇರುವ ಸೈಫನ್ ಫೀಡ್ ದೊಡ್ಡ ಜಾಗ ತುಂಬುವವರಿಗೆ. 0.2 ಸೂಜಿ ನೋಡಿ ಆಸೆಪಡಬೇಡಿ. ಸಣ್ಣ ಗೆರೆ ಬರುವುದು ಸೂಜಿಯಿಂದ ಮಾತ್ರ ಅಲ್ಲ, ಬಣ್ಣದ ಹದದಿಂದ ಮತ್ತು ಕೈಯಿಂದ. 0.2 ಮಾತುಮಾತಿಗೆ ಕಟ್ಟಿಕೊಳ್ಳುತ್ತದೆ. ಪ್ರೈಮರ್, ಮೆಟಾಲಿಕ್, ವಾರ್ನಿಶ್ ಜಾಸ್ತಿ ಹೊಡೆಯುವವರಿಗೆ 0.5 ಸಲೀಸು.

ಬಿಡಿ-130, ಎಚ್‌ಡಿ-130 ಅಂತ ಬರುವ ಚೀನೀ ಪೆನ್ನುಗಳು ಜಪಾನಿನ ಇವಾಟಾ ವಿನ್ಯಾಸವನ್ನು ಹೋಲುತ್ತವೆ. ಸಾಮಾನ್ಯವಾಗಿ ಸಾವಿರದಿಂದ ಎರಡೂವರೆ ಸಾವಿರದ ಒಳಗೆ ಸಿಗುತ್ತವೆ. ಬಣ್ಣ ಚೆನ್ನಾಗಿಯೇ ಬರುತ್ತದೆ. ಇವುಗಳ ದೊಡ್ಡ ದೌರ್ಬಲ್ಯ ನಾಝಲ್. ಅಕ್ಕಿಕಾಳಿಗಿಂತ ಚಿಕ್ಕದಾದ ಹಿತ್ತಾಳೆಯ ಚೂರು, ಅದಕ್ಕೆ ಕೂದಲೆಳೆಯಷ್ಟು ಸಣ್ಣ ಮರೆ (ಸ್ಕ್ರೂವಿನಂಥ ತಿರುಪು). ಜೊತೆಗೆ ಕೊಟ್ಟ ಸ್ಪ್ಯಾನರ್‌ನಿಂದ ಒಂದು ಚೂರು ಜಾಸ್ತಿ ತಿರುಗಿಸಿದರೂ ಮರೆ ಒಳಗೇ ಮುರಿದು ಉಳಿಯುತ್ತದೆ. ಹಾಗಾಗಿ ಪೆನ್ನಿನ ಜೊತೆಗೇ ಎರಡು ಬಿಡಿ ನಾಝಲ್, ಒಂದು ಸೂಜಿ ತರಿಸಿ. ಮತ್ತೆ ಹುಡುಕಿದಾಗ ಅದೇ ಅಳತೆಯದು ಸಿಗುವ ಭರವಸೆ ಇಲ್ಲ.

ಬ್ರ್ಯಾಂಡ್ ಪೆನ್ನಿಗೆ ಜಾಸ್ತಿ ದುಡ್ಡು ಕೊಡುವುದರ ಮುಖ್ಯ ಕಾರಣವೂ ಇದೇ, ಬಿಡಿಭಾಗ. ಅಮೆರಿಕದ ಬ್ಯಾಜರ್ ಪೇಟ್ರಿಯಟ್ 105, ಜರ್ಮನಿಯ ಹಾರ್ಡರ್ ಸ್ಟೀನ್‌ಬೆಕ್‌ನ ಅಲ್ಟ್ರಾ, ಇವುಗಳಲ್ಲಿ ನಾಝಲ್‌ಗೆ ಮರೆಯೇ ಇಲ್ಲ, ಸುಮ್ನೆ ಒಳಗೆ ಕೂರಿಸಿ ಮೇಲಿನ ಮುಚ್ಚಳ ಬಿಗಿದರೆ ಆಯಿತು. ದಿನಾ ಬಿಚ್ಚಿ ತೊಳೆಯುವವರಿಗೆ ಇದು ದೊಡ್ಡ ನೆಮ್ಮದಿ. ಇವಾಟಾದ ನಿಯೋ ಸಾಲಿನ ಸಿಎನ್ ಮಾದರಿಯ ನಾಝಲ್ 0.35 ಮಿ.ಮೀ. ಇವೆಲ್ಲ ಒಳ್ಳೆಯವೇ. ಆದರೆ ಮೊದಲ ಪೆನ್ನಿನ ಸೂಜಿ ಬಗ್ಗುವುದು ಬಹುತೇಕ ಖಚಿತ. ಅಗ್ಗದ್ದು ಬಗ್ಗಲಿ ಬಿಡಿ.

ಒಂದು ಸಣ್ಣ ವಿಷಯ ತುಂಬಾ ಕಾಡಿಸುತ್ತದೆ: ಪೈಪಿನ ಮರೆ. ಇವಾಟಾ ಮತ್ತು ಅದರ ನಕಲುಗಳದು 1/8 ಇಂಚಿನ ಬಿಎಸ್‌ಪಿ (ಬ್ರಿಟಿಷ್ ಪೈಪ್ ಅಳತೆ). ಹವ್ಯಾಸಿ ಕಂಪ್ರೆಸರ್‌ಗಳದೂ ಸಾಮಾನ್ಯವಾಗಿ ಅದೇ. ಬ್ಯಾಜರ್‌ನದು ಬೇರೆ, ಅದಕ್ಕೆ ಅಡಾಪ್ಟರ್ ಬೇಕು. ಗ್ಯಾರೇಜ್ ಕಂಪ್ರೆಸರ್‌ನದು ಬಹುತೇಕ 1/4. ಆರ್ಡರ್ ಮಾಡುವ ಮೊದಲೇ ಎರಡೂ ತುದಿ ನೋಡಿಕೊಳ್ಳಿ. ಇಂಥ ಅಡಾಪ್ಟರ್ ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು ಅದೃಷ್ಟ. ಟೆಫ್ಲಾನ್ ಟೇಪ್ ಮಾತ್ರ ಎಲ್ಲ ಕಡೆ ಸಿಗುತ್ತದೆ.

ನಾಲ್ಕನೇ ಹೆಜ್ಜೆ: ದುಡ್ಡು ಹಂಚುವುದು

ಬೆಲೆ ಅಂಗಡಿಯಿಂದ ಅಂಗಡಿಗೆ, ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಆದ್ದರಿಂದ ಪಾಲು ನೋಡಿ.

ಐದು ಸಾವಿರದ ಒಳಗಿದ್ದರೆ ಕಾಯಿರಿ. ಪ್ರೈಮರ್ ಸ್ಪ್ರೇ ಡಬ್ಬಿ ಮತ್ತು ಒಳ್ಳೆಯ ಬ್ರಶ್ಶಿನಲ್ಲೇ ಇನ್ನೊಂದು ಕಿಟ್ ಮುಗಿಸಿ. ಹತ್ತರಿಂದ ಹನ್ನೆರಡು ಸಾವಿರ ಇದ್ದರೆ ಟ್ಯಾಂಕ್ ಇರುವ ಕಂಪ್ರೆಸರ್, ಚೀನೀ ಪೆನ್ನು, ಎರಡನೇ ಟ್ರ್ಯಾಪ್, ಬಿಡಿ ನಾಝಲ್, ಮಾಸ್ಕ್. ಹತ್ತರಲ್ಲಿ ಏಳು ಪಾಲು ಕಂಪ್ರೆಸರ್‌ಗೇ ಹೋಗಲಿ. ಇಪ್ಪತ್ತು ಸಾವಿರದ ಹತ್ತಿರ ಇದ್ದರೆ ಕಂಪ್ರೆಸರ್ ಅದೇ ಇರಲಿ, ಪೆನ್ನು ಮಾತ್ರ ಬ್ರ್ಯಾಂಡ್‌ನದು ತಗೊಳ್ಳಿ. ಕಂಪ್ರೆಸರ್ ಜೊತೆ ಪುಕ್ಕಟೆ ಪೆನ್ನು ಬಂದರೆ ಅದನ್ನು ಪ್ರೈಮರ್‌ಗೆ ಇಟ್ಟುಕೊಳ್ಳಿ.

ಮಾಸ್ಕ್ ಅಂದೆನಲ್ಲ, ಅದರಲ್ಲಿ ಉಳಿಸಬೇಡಿ. ಎನ್95 ಬಣ್ಣದ ಕಣ ತಡೆಯುತ್ತದೆ, ಥಿನ್ನರ್ ಆವಿ ತಡೆಯುವುದಿಲ್ಲ. ಲ್ಯಾಕರ್ ಅಥವಾ ಎನಾಮೆಲ್ ಹೊಡೆಯುವುದಾದರೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಬೇಕು.

ಐದನೇ ಹೆಜ್ಜೆ: ಪಾರ್ಸೆಲ್ ಬಂದ ದಿನವೇ ಪರೀಕ್ಷೆ

ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು ಇದನ್ನು ಮುಗಿಸಿ. ಪೆಟ್ಟಿಗೆ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ.

ಕಂಪ್ರೆಸರ್ ಹಾಕಿ, ತಾನಾಗಿ ನಿಲ್ಲುವವರೆಗೆ ಬಿಡಿ. ಮೀಟರ್ ಎಷ್ಟು ತೋರಿಸುತ್ತದೆ ಅಂತ ಬರೆದುಕೊಂಡು ಹತ್ತು ನಿಮಿಷ ಮುಟ್ಟಬೇಡಿ. ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಶ್ಶಿನಲ್ಲಿ ಪ್ರತಿ ಜೋಡಣೆಗೂ ಹಚ್ಚಿ. ಗುಳ್ಳೆ ಎದ್ದಲ್ಲಿ ಬಿಚ್ಚಿ, ಟೆಫ್ಲಾನ್ ಟೇಪ್ ಸುತ್ತಿ ಮತ್ತೆ ಬಿಗಿಯಿರಿ. ಮೀಟರ್ ಒಡೆದಿದ್ದರೆ, ಟ್ಯಾಂಕಿನ ಬೆಸುಗೆಯಲ್ಲೇ ಗುಳ್ಳೆ ಬಂದರೆ ರಿಪೇರಿಗೆ ಕೈ ಹಾಕದೆ ವಾಪಸ್ ಕಳಿಸಿ.

ಆಮೇಲೆ ಪೆನ್ನು. ಸೂಜಿಯನ್ನು ಹಿಂದಿನಿಂದ ಮೆಲ್ಲಗೆ ಎಳೆದು, ಹತ್ತಿಯ ಬಡ್ ಮೇಲೆ ತುದಿಯನ್ನು ತಿರುಗಿಸುತ್ತಾ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ತುದಿ ಬಗ್ಗಿದೆ. ಸರಿ ಇದ್ದರೆ ವಾಪಸ್ ಕೂರಿಸಿ, ಕಪ್ಪಿಗೆ ಬರೀ ನೀರು ಹಾಕಿ ಹೊಡೆಯಿರಿ. ಕಪ್ಪಿನಲ್ಲಿ ಗುಳ್ಳೆ ಏಳುತ್ತಿದ್ದರೆ ನಾಝಲ್ ಸರಿಯಾಗಿ ಕೂತಿಲ್ಲ, ಗಾಳಿ ಹಿಂದಕ್ಕೆ ಬರುತ್ತಿದೆ. ಟ್ರಿಗರ್ ಎಳೆಯದೆ ಒತ್ತಿದಾಗಲೇ ನೀರು ಬಂದರೆ ಸೂಜಿ ಪೂರ್ತಿ ಮುಂದೆ ಹೋಗಿಲ್ಲ.

ಒತ್ತಡ ಹೊಂದಿಸುವಾಗ ಟ್ರಿಗರ್ ಒತ್ತಿ ಹಿಡಿದುಕೊಂಡೇ ರೆಗ್ಯುಲೇಟರ್ ತಿರುಗಿಸಿ. ಗಾಳಿ ನಿಂತಾಗ 20 ಪಿಎಸ್‌ಐ ತೋರಿಸುವ ಮೀಟರ್, ಗಾಳಿ ಹರಿಯುವಾಗ ಅದಕ್ಕಿಂತ ಕಮ್ಮಿ ತೋರಿಸುತ್ತದೆ. ಕೆಲಸಕ್ಕೆ ಬರುವುದು ಹರಿಯುವಾಗಿನ ಅಂಕಿ. ಪ್ರೈಮರ್‌ಗೆ 20ರಿಂದ 25, ಮಾಮೂಲಿ ಬಣ್ಣಕ್ಕೆ 15ರಿಂದ 18, ಸಣ್ಣ ಗೆರೆಗೆ ಬಣ್ಣವನ್ನು ಇನ್ನಷ್ಟು ತೆಳು ಮಾಡಿಕೊಂಡು 10ರಿಂದ 12. ಒಂದು ಬಾರ್ ಅಂದರೆ 14.5 ಪಿಎಸ್‌ಐ. ಎಷ್ಟು ತೆಳು ಇರಬೇಕು ಅಂದರೆ ಹಾಲಿನ ಹದ: ಕಪ್ಪಿನ ಗೋಡೆಗೆ ಹಚ್ಚಿದರೆ ಪೊರೆ ಉಳಿಸಿ ಕೆಳಗಿಳಿಯಬೇಕು.

ಟಾಮಿಯಾ ಅಕ್ರಿಲಿಕ್‌ಗೆ ಅವರದೇ ಎಕ್ಸ್-20ಎ ಥಿನ್ನರ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್ ನಡೆಯುತ್ತದೆ. ಸ್ಪೇನಿನ ವ್ಯಾಲೆಹೊ ಕಂಪನಿಯ ಬಣ್ಣಕ್ಕೆ ಆಲ್ಕೊಹಾಲ್ ಹಾಕಿದರೆ ಗಟ್ಟಿ ಗಟ್ಟಿ ಆಗುತ್ತದೆ, ಅದಕ್ಕೆ ಅದರದೇ ಥಿನ್ನರ್. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ನಾಝಲ್, ಸೂಜಿ ತೊಳೆಯಲು ಚೆನ್ನ. ಆದರೆ ಮಾಡೆಲ್ ಮೇಲೆ ಬಿದ್ದರೆ ಪ್ಲಾಸ್ಟಿಕ್ ಕರಗುತ್ತದೆ. ಅದರಲ್ಲಿ ಪೆನ್ನನ್ನು ಇಡಿಯಾಗಿ ನೆನೆಹಾಕಿದರೆ ರಬ್ಬರ್ ಓ-ರಿಂಗ್‌ಗಳು ಊದಿಕೊಳ್ಳುತ್ತವೆ.

ಮಳೆಗಾಲದಲ್ಲಿ ಕೆಲಸ

ತೇವದಲ್ಲಿ ಒಂದು ಲಾಭವೂ ಇದೆ. ಸೂಜಿಯ ತುದಿಯಲ್ಲಿ ಬಣ್ಣ ಒಣಗಿ ಕಟ್ಟಿಕೊಳ್ಳುವ ಕಾಟ ಅಕ್ರಿಲಿಕ್‌ನಲ್ಲಿ ಜುಲೈನಲ್ಲಿ ಕಮ್ಮಿ, ಮಾರ್ಚ್ ಬಿಸಿಲಿನಲ್ಲಿ ಜಾಸ್ತಿ. ಬೇಸಿಗೆಯಲ್ಲಿ ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಎರಡು ಹನಿ ಬೇಕಾಗುತ್ತದೆ. ಮಳೆಯಲ್ಲಿ ಅದರ ಬದಲು ತಾಳ್ಮೆ ಬೇಕು, ಎರಡು ಕೋಟ್‌ಗಳ ನಡುವೆ ಎಂದಿಗಿಂತ ಜಾಸ್ತಿ ಹೊತ್ತು ಬಿಡಿ.

ಬೇಗ ಒಣಗಲಿ ಅಂತ ಬಚ್ಚಲ ಒಲೆಯ ಹತ್ತಿರ ಮಾಡೆಲ್ ಇಡುವ ಯೋಚನೆ ಮಲೆನಾಡಿನ ಮನೆಯಲ್ಲಿ ಯಾರಿಗಾದರೂ ಬರುತ್ತದೆ. ಖಂಡಿತ ಬೇಡ. ಹಸಿ ಬಣ್ಣದ ಆವಿಗೆ ಬೆಂಕಿ ತಗುಲಬಹುದು, ಬೂದಿಯ ಕಣ ಮೇಲೆ ಕೂರುತ್ತದೆ, ರೆಕ್ಕೆಯಂಥ ತೆಳು ಭಾಗ ಬಗ್ಗುತ್ತದೆ. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಧೂಳಿನಿಂದಲೂ ರಕ್ಷಣೆ.

ದಿನದ ಕೆಲಸ ಮುಗಿದ ಮೇಲೆ ಟ್ಯಾಂಕಿನಲ್ಲಿ ಸ್ವಲ್ಪ ಒತ್ತಡ ಇರುವಾಗಲೇ ತಳದ ಸ್ಕ್ರೂ ಬಿಡಿ. ನೀರು ಪೂರ್ತಿ ಹೊರಬರುತ್ತದೆ. ರಾತ್ರಿಯಿಡೀ ನೀರು ನಿಂತರೆ ಕಬ್ಬಿಣದ ಟ್ಯಾಂಕ್ ಒಳಗಿಂದ ತುಕ್ಕು ಹಿಡಿಯುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಹೊಳಪಿನ ಲ್ಯಾಕರ್ ಮತ್ತು ಪಾರದರ್ಶಕ ಕ್ಲಿಯರ್ ಕೋಟ್ ಮಾತ್ರ ಈ ತಿಂಗಳುಗಳಲ್ಲಿ ಕೈ ಕೊಡುತ್ತವೆ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲೇ ಇಳಿದು ಬಣ್ಣ ಬೆಳ್ಳಗೆ ಮಂಜು ಕಟ್ಟುತ್ತದೆ. ಇದು ಟ್ರ್ಯಾಪ್‌ನಿಂದ ತಡೆಯುವಂಥದ್ದಲ್ಲ, ತೇವ ಕೋಣೆಯಲ್ಲೇ ಇದೆ. ನಿಧಾನವಾಗಿ ಆರುವ ಲೆವೆಲಿಂಗ್ ಥಿನ್ನರ್ ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆ. ಅದಕ್ಕಿಂತ ಸುಲಭ ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರೈಮರ್, ಮ್ಯಾಟ್ ಬಣ್ಣ, ಜೀಪು, ಯುದ್ಧಟ್ಯಾಂಕುಗಳ ಕೆಲಸ ಮುಗಿಸುವುದು. ಕಾರಿನ ಹೊಳಪನ್ನು ದಸರಾ ರಜೆಗೆ ಇಟ್ಟುಕೊಳ್ಳಿ.